ಸಂದೇಹವೆಂಬ ಎಂಟನೆಯ ಕರ್ತವ್ಯ

ರಾಷ್ಟ್ರೀಯ ಮೌಲ್ಯಗಳ ಬೋಧನೆಯಲ್ಲಿ ತೊಡಕು ತಲೆದೋರುವುದು ವಿದ್ಯಾರ್ಥಿಗಳಿಗಿಂತ ಮೊದಲು ಉಪಾಧ್ಯಾಯರಲ್ಲಿ. ಏಕೆಂದರೆ ವಿದ್ಯಾರ್ಥಿಗೆ ಬಾಯಿಪಾಠ ಮಾಡಿ ಒಪ್ಪಿಸುವ ಅನುಕೂಲವಿರುತ್ತದೆ, ಉಪಾಧ್ಯಾಯರಿಗೆ ದಿನಪತ್ರಿಕೆ ಓದುವ ಚಟವಿರುತ್ತದೆ. ಈ ತೊಡಕನ್ನು ಸಾವಧಾನವಾಗಿ ಅಧ್ಯಯನ ಮಾಡಬಯಸುವವರಿಗೆ, ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿರುವ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಪ್ರಶಸ್ತವಾಗಿವೆ. ಅಡಿಕೆ ಮತ್ತು ಕಾಫಿ ತೋಟಗಳ ನಡುವೆ ಒಂಟಿ ಮನೆಗಳು ಚದುರಿಕೊಂಡಿರುವ ಈ ಮಲೆನಾಡಿನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಕೈಬೆರಳುಗಳಲ್ಲೇ ಎಣಿಸಬಹುದು; ಸುತ್ತೋಲೆಗಳನ್ನು ಮಾತ್ರ ಹಾಗೆ ಎಣಿಸಲಾಗದು. ಸುತ್ತೋಲೆಯೆಂದರೆ, ಇಲಾಖೆಯು ತನ್ನ ನಂಬಿಕೆಯನ್ನು ಉಪಾಧ್ಯಾಯರಿಂದ ಆಚರಣೆ ಮಾಡಿಸಿ, ಅದರ ಬಗ್ಗೆ ಛಾಯಾಚಿತ್ರ ಸಹಿತ ವರದಿ ತರಿಸಿಕೊಳ್ಳುವ ಲಿಖಿತ ಕ್ರಮ.

2023ರ ಜೂನ್ 15ರಂದು ನಡೆದ ರಾಜ್ಯ ಸಚಿವ ಸಂಪುಟದ ಸಭೆ ಈ ದೃಷ್ಟಿಯಿಂದ ಗಮನಾರ್ಹ. ಸಂವಿಧಾನದ ಪೀಠಿಕೆಯನ್ನು, ಎಂದರೆ ಅದರ ಆಶಯಗಳನ್ನು ಒಂದೇ ದೀರ್ಘ ವಾಕ್ಯದಲ್ಲಿ ಸಾರುವ ಮುನ್ನುಡಿಯನ್ನು, ಶಾಲಾ ಕಾಲೇಜುಗಳಲ್ಲಿ ದಿನವೂ ಓದಿಸಬೇಕೆಂದು ತೀರ್ಮಾನಿಸಿದ ಆ ಸಭೆಯೇ, ಹಿಂದಿನ ಸರ್ಕಾರ 2022ರಲ್ಲಿ ಪರಿಷ್ಕರಿಸಿದ್ದ ಪಠ್ಯಪುಸ್ತಕಗಳನ್ನು ಮತ್ತೆ ಪರಿಷ್ಕರಿಸಲೂ ಒಪ್ಪಿತು. ಪುಸ್ತಕಗಳು ಆಗಲೇ ಅಚ್ಚಾಗಿದ್ದುದರಿಂದ, ಬಿಡಬೇಕಾದ ಮತ್ತು ಸೇರಿಸಬೇಕಾದ ಪಾಠಗಳನ್ನು ಪೂರಕ ಪುಸ್ತಿಕೆಯ ಮೂಲಕ ತಿಳಿಸುವ ಏರ್ಪಾಡಾಯಿತು. ಪ್ರಾರ್ಥನೆಯ ಹೊತ್ತಿಗೆ ಶಾಶ್ವತವಾದುದನ್ನೂ ಮೊದಲನೆಯ ಪಿರಿಯಡ್ಡಿನಲ್ಲಿ ಆಯಾ ವರ್ಷಕ್ಕೆ ಮಾತ್ರ ಅನ್ವಯಿಸುವುದನ್ನೂ ಬೋಧಿಸಬೇಕಾದ ಉಪಾಧ್ಯಾಯರಿಗೆ ಸಂದೇಹ ಬಾರದಿದ್ದರೆ ಅವರ ಆರೋಗ್ಯದ ಬಗೆಗೇ ಸಂದೇಹ ಪಡಬೇಕಾಗುತ್ತದೆ. ಪೀಠಿಕೆಯ ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಪದಗಳು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿಯಿಂದ ಸೇರಿದವೆಂದು ಬಲ್ಲವರು, ಮುಂದೆ ‘ಸ್ವಾತಂತ್ರ್ಯ’ ಎಂಬಲ್ಲಿಗೆ ಬಂದಾಗ ಕ್ಷಣಕಾಲ ತಡವರಿಸಿದರೆ ಅದನ್ನು ಉಚ್ಚಾರಣೆಯ ದೋಷವೆಂದು ಭಾವಿಸಬಾರದು.

ಶೃಂಗೇರಿಯ ಇತಿಹಾಸ ಬೋಧಕರ ಕಷ್ಟ ಇನ್ನಷ್ಟು ಸೂಕ್ಷ್ಮವಾದುದು. 1791ರಲ್ಲಿ ಮರಾಠಾ ದಂಡು ಅಲ್ಲಿನ ಮಠವನ್ನು ಲೂಟಿ ಮಾಡಿದಾಗ ಮಠದ ದೇವತೆ ಶಾರದೆಯ ಪುನಃಪ್ರತಿಷ್ಠೆಗೆ ನೆರವಾದವನು ಟಿಪ್ಪು ಸುಲ್ತಾನ್ ಎಂಬುದು, ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದ ಪತ್ರಗಳಿಂದ ತಿಳಿದುಬರುತ್ತದೆ. ಟಿಪ್ಪುವನ್ನು ಬರಿದೇ ಹೊಗಳುವ ಪಾಠಕ್ಕೆ ಕೊಡಗಿನಲ್ಲಿ ಅವನು ನಡೆಸಿದ ದಂಡಯಾತ್ರೆಗಳ ನೆನಪು ಅಡ್ಡಬರುವಂತೆ, ಬರಿದೇ ತೆಗಳುವ ಪಾಠಕ್ಕೆ ಶೃಂಗೇರಿಯ ಕಡತ ಅಡ್ಡಬರುತ್ತದೆ. ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆಸಬೇಕಾದವರು ಇವೆರಡನ್ನೂ ಒಂದು ಅಂಕಕ್ಕೆ ಒಂದರಂತೆ ಹಂಚುವುದೇ ಕ್ಷೇಮ.

ಪ್ರಜಾಪ್ರಭುತ್ವದ ಅಭ್ಯಾಸಕ್ಕೆಂದು ಏರ್ಪಟ್ಟಿರುವ ಶಾಲಾ ಸಂಸತ್ತು, ಎಂದರೆ ಮಕ್ಕಳೇ ಮತ ಹಾಕಿ ತಮ್ಮ ಮಂತ್ರಿಗಳನ್ನು ಆರಿಸುವ ವ್ಯವಸ್ಥೆ, ಏಳು ಮಕ್ಕಳ ಶಾಲೆಯಲ್ಲಿ ವಿಚಿತ್ರ ರೂಪ ತಾಳುತ್ತದೆ. ಆಹಾರ, ಸ್ವಚ್ಛತೆ, ಕ್ರೀಡೆ ಮುಂತಾದ ಖಾತೆಗಳನ್ನು ಹಂಚಿ ಮುಗಿಸುವಷ್ಟರಲ್ಲಿ ಇಡೀ ಶಾಲೆಯೇ ಸಂಪುಟಕ್ಕೆ ಸೇರಿ, ಪ್ರಜೆಯೂ ವಿರೋಧ ಪಕ್ಷವೂ ಆಗಬೇಕಾದ ಹೊಣೆ ಉಪಾಧ್ಯಾಯರೊಬ್ಬರ ಮೇಲೆಯೇ ಬೀಳುತ್ತದೆ. ಮಳೆಗಾಲದಲ್ಲಿ ರಜೆ ಘೋಷಿಸುವ ಅಧಿಕಾರ ಈ ಸಂಪುಟಕ್ಕಿಲ್ಲದೆ ಜಿಲ್ಲಾಧಿಕಾರಿಗಳಲ್ಲೇ ಉಳಿದಿರುವುದರಿಂದ, ಚುನಾಯಿತರ ಅಧಿಕಾರದ ಮಿತಿಯೂ ಮಕ್ಕಳಿಗೆ ಬೇಗನೆ ಮನವರಿಕೆಯಾಗುತ್ತದೆ.

ಮತದ ಬೆಲೆಯನ್ನು ಬೋಧಿಸಲು ಈ ಕ್ಷೇತ್ರದಲ್ಲಿ ಒಳ್ಳೆಯ ನಿದರ್ಶನವಿದೆ: 2023ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಘೋಷಿತವಾದ ಗೆಲುವಿನ ಅಂತರ ಕೇವಲ 201 ಮತ. ಆದರೆ ಚುನಾವಣಾ ಕರ್ತವ್ಯಕ್ಕೆ ಹೋಗುವ ಉಪಾಧ್ಯಾಯರ ಸ್ವಂತ ಮತವು ಅಂಚೆ ಮತಪತ್ರವಾಗಿ, ದೃಢೀಕರಿಸಿದ ಘೋಷಣೆಯ ಜೊತೆಗೆ, ಲಕೋಟೆಯೊಳಗೊಂದು ಲಕೋಟೆಯಲ್ಲಿ ಸಾಗಬೇಕಾಗಿದ್ದು, ಕಾಗದ ಕ್ರಮಬದ್ಧವಾಗಿಲ್ಲದಿದ್ದರೆ ಎಣಿಕೆಗೇ ಬರುವುದಿಲ್ಲ. ಈ ಕ್ಷೇತ್ರದ ಅಂಚೆ ಮತಗಳ ತಕರಾರು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಊರಿಗೆಲ್ಲ ಮತದಾನದ ಕ್ರಮ ಕಲಿಸುವವರ ಮತವೇ ತಿರಸ್ಕೃತವಾಗಬಹುದಾದ ವ್ಯವಸ್ಥೆಯಲ್ಲಿ, ಅವರ ಸಂದೇಹಕ್ಕೆ ಅನುಭವದ ಬೆಂಬಲವೂ ದೊರೆಯುತ್ತದೆ.

ಸಮಾನತೆಯ ಪಾಠ ಬಿಸಿಯೂಟದ ಹೊತ್ತಿಗೆ ತಾನಾಗಿಯೇ ನಡೆದುಹೋಗುತ್ತದೆ. ತೋಟದ ಒಡೆಯರ ಮಕ್ಕಳು ಬಹುಪಾಲು ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗಿಬಿಟ್ಟಿರುವುದರಿಂದ, ಲೈನ್ ಮನೆಗಳ, ಎಂದರೆ ತೋಟದ ಕೂಲಿಕಾರರ ಸಾಲುಮನೆಗಳ, ಮಕ್ಕಳು ಪರಸ್ಪರ ಸಮಾನರಾಗಿರುವುದು ಕಷ್ಟವೇನಲ್ಲ. ಮೊಟ್ಟೆ, ಬಾಳೆಹಣ್ಣುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಅವರಿಗಿದ್ದು, ಅದನ್ನು ಗೆರೆ ಎಳೆದ ವಹಿಯಲ್ಲಿ ಲೆಕ್ಕವಿಡುವ ಕರ್ತವ್ಯ ಉಪಾಧ್ಯಾಯರದಾಗಿದೆ.

ಇಷ್ಟು ಸಂದೇಹಗಳುಳ್ಳವರು ಮೌಲ್ಯಗಳನ್ನು ಬೋಧಿಸಲು ಅರ್ಹರೇ ಎಂಬ ಪ್ರಶ್ನೆಗೆ ಸಂವಿಧಾನವೇ ಉತ್ತರ ಕೊಡುತ್ತದೆ. ನಾಗರಿಕರ ಮೂಲಭೂತ ಕರ್ತವ್ಯಗಳನ್ನು ಪಟ್ಟಿ ಮಾಡುವ 51ಎ ವಿಧಿಯಲ್ಲಿ ರಾಷ್ಟ್ರಧ್ವಜ, ರಾಷ್ಟ್ರಗೀತೆಗಳನ್ನು ಗೌರವಿಸುವುದು ಮೊದಲನೆಯ ಕರ್ತವ್ಯಕ್ಕೆ ಸೇರಿದರೆ, ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಎಂಟನೆಯದಕ್ಕೆ ಸೇರುತ್ತದೆ. ಪ್ರಶ್ನಿಸುವುದೂ ರಾಷ್ಟ್ರೀಯ ಮೌಲ್ಯವೇ ಆದ ಮೇಲೆ, ಸಂದೇಹವನ್ನೇ ಅರಿಯದವರು ಅದನ್ನು ಕಲಿಸಹೊರಡುವುದು ಈಜು ಬಾರದವರು ತುಂಗೆಯ ದಡದಲ್ಲಿ ನಿಂತು ಈಜು ಕಲಿಸಿದಂತಾದೀತು. ಮೊದಲನೆಯ ಕರ್ತವ್ಯವನ್ನು ಪಾಲಿಸುವಾಗ ಫೋಟೊ ತೆಗೆದು ಕಳುಹಿಸಬಹುದು. ಎಂಟನೆಯದು ಫೋಟೊದಲ್ಲಿ ಮೂಡದ ಕಾರಣ ವರದಿಯ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ. ಕಾಲಂ ಬರುವ ತನಕ ಒಂದು ಸರಳ ಪರೀಕ್ಷೆ ಸಾಕಾದೀತು: “ಏಳೂ ಜನ ಮಂತ್ರಿಗಳಾದ್ರೆ ಕಸ ಗುಡಿಸೋರು ಯಾರು ಮೇಷ್ಟ್ರೇ?” ಎಂದು ಕೇಳಿದ ಮಗುವನ್ನು ಬಾಯಿ ಮುಚ್ಚಿಸಿ ಕೂರಿಸದ ಉಪಾಧ್ಯಾಯರು, ಪೀಠಿಕೆಯನ್ನು ಎಷ್ಟೇ ತಡವರಿಸಿ ಓದಿದರೂ, ರಾಷ್ಟ್ರೀಯ ಮೌಲ್ಯಗಳ ಬೋಧನೆಯಲ್ಲಿ ತೇರ್ಗಡೆಯಾದರೆಂದೇ ತಿಳಿಯಬೇಕು.