ವಿಶ್ರಾಂತಿಗೆ ಬಂದ ವಾರಾಂತ್ಯರಾಯರು

ವಾರಾಂತ್ಯರಾಯರು ನಮ್ಮ ಹೊನ್ನಾವರಕ್ಕೆ ಬಂದಿಳಿಯುವುದು ಶನಿವಾರ ಬೆಳಿಗ್ಗೆ, ಬೆಂಗಳೂರಿನಿಂದ ರಾತ್ರಿಯಿಡೀ ಓಡಿಬಂದ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇದ್ದೀತು. ವಯಸ್ಸು ಮೂವತ್ತೈದರಿಂದ ಐವತ್ತರೊಳಗೆ ಎಲ್ಲಿ ಬೇಕಾದರೂ ನಿಂತಿರಬಹುದು. ಆದರೂ ಗುರುತು ಹಿಡಿಯುವುದು ಸುಲಭ. ರೈಲು ಇಳಿದ ಊರಿನವರು ಆಟೋ ಹುಡುಕುತ್ತಾರೆ, ರಾಯರು ಸಿಗ್ನಲ್ ಹುಡುಕುತ್ತಾರೆ. ಸಿಕ್ಕಿದ್ದೇ ತಡ, "ಡಿಜಿಟಲ್ ಡಿಟಾಕ್ಸ್ ಆರಂಭ, ಸೋಮವಾರದವರೆಗೆ ಯಾರಿಗೂ ಸಿಗುವುದಿಲ್ಲ" ಎಂದು ಇದ್ದಬದ್ದ ಗ್ರೂಪುಗಳಿಗೆಲ್ಲ ಸಂದೇಶ ಕಳಿಸುತ್ತಾರೆ. ಆಮೇಲೆ ಯಾರು ಮೆಚ್ಚಿದರು, ಯಾರು ನೋಡಿಯೂ ಸುಮ್ಮನಿದ್ದರು ಎಂದು ಸಂಜೆಯತನಕ ಲೆಕ್ಕ ಇಡುತ್ತಾರೆ.

ರಾಯರು ಮೈಮೇಲೆ ಹೊತ್ತ ಸಾಮಾನಿನ ಬೆಲೆಗೆ ಇಲ್ಲಿ ಒಂದು ಒಳ್ಳೆಯ ಪಾತಿ ದೋಣಿ ಬಲೆ ಸಮೇತ ಬಂದೀತು. ಕುತ್ತಿಗೆಯ ಹಿಂದೆ ಪರದೆ ಇಳಿಬಿಟ್ಟ ಟೋಪಿ, ನೀರಿನ ಹೊಳಪು ತಡೆಯುವ ಕನ್ನಡಕ, ಬೆರಳ ತುದಿ ಕತ್ತರಿಸಿದ ಕೈಗವಸು, ಒದ್ದೆಯಾಗದ ಚೀಲ, ಮೊಳದುದ್ದದ ಲೆನ್ಸು. ಮಣಿಕಟ್ಟಿನಲ್ಲೊಂದು ಗಡಿಯಾರ, ಅದು ಆಗಾಗ ಗುಂಯ್‌ಗುಟ್ಟಿ, ದೀರ್ಘವಾಗಿ ಉಸಿರಾಡಿ ಎಂದು ನೆನಪಿಸುತ್ತದೆ. ಕಯಾಕ್ ನಡೆಸುವ ನಮ್ಮೂರ ಹುಡುಗ ಅದನ್ನು ಕಂಡು, "ಬ್ಯಾಟರಿ ಮುಗಿದರೆ ಏನು ಮಾಡ್ತೀರಿ ಮಾರಾಯ್ರೆ?" ಎಂದು ನಿಜವಾದ ಕಾಳಜಿಯಿಂದಲೇ ಕೇಳಿದ.

ವಿಶ್ರಾಂತಿಯ ವಿಷಯದಲ್ಲಿ ರಾಯರದು ಕಟ್ಟುನಿಟ್ಟು. ಆಫೀಸಿನಲ್ಲಿ ಮೀಟಿಂಗಿಗೆ ಹತ್ತು ನಿಮಿಷ ತಡವಾದರೂ ಸಹಿಸಿಯಾರು, ಇಲ್ಲಿ ಸಹಿಸರು. ಎಕ್ಸೆಲ್ ಹಾಳೆಯಲ್ಲಿ ಎಲ್ಲ ಬರೆದೇ ತಂದಿರುತ್ತಾರೆ. ಎಂಟಕ್ಕೆ ನೀರುದೋಸೆ, ಎಂಟೂವರೆಗೆ ಹಕ್ಕಿ, ಹನ್ನೊಂದಕ್ಕೆ ಹದಿನೈದು ನಿಮಿಷ ಮೌನ, ಒಂದಕ್ಕೆ ಬಂಗಡೆ, ಮೂರೂವರೆಗೆ ಕಯಾಕ್, ಸೂರ್ಯಾಸ್ತಕ್ಕೆ ಧನ್ಯತಾಭಾವ. ಭಾನುವಾರದ ಕಲಮಿನಲ್ಲಿ "ಆಮೆ: ಮೊಟ್ಟೆ ಅಥವಾ ಮರಿ" ಎಂದಿತ್ತು.

ಆಮೆಯ ಕಥೆ ಮೊದಲು ಹೇಳಿಬಿಡುತ್ತೇನೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಾಸರಕೋಡಿನ ಕಡಲತೀರ ಇರುವುದು ಶರಾವತಿಯ ಆಚೆ ದಡದಲ್ಲಿ. ಅಲ್ಲೇ ಟೊಂಕದ ಮರಳಿಗೆ ಆಲಿವ್ ರಿಡ್ಲಿ ಆಮೆಗಳು ರಾತ್ರಿ ಹೊತ್ತು ಬಂದು, ಗುಂಡಿ ತೋಡಿ ಮೊಟ್ಟೆಯಿಟ್ಟು, ಮುಚ್ಚಿ ಕಡಲಿಗೆ ಮರಳುತ್ತವೆ. ಮರಿ ಹೊರಬರಲು ಒಂದೂವರೆ–ಎರಡು ತಿಂಗಳು ಬೇಕು. ಅಲ್ಲಿಯವರೆಗೆ ನಾಯಿ–ನರಿಯ ಬಾಯಿಗೆ ಹೋಗದಂತೆ ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಅಂಥದೊಂದು ಬಲೆಯ ಮುಂದೆ ನಿಂತ ರಾಯರು ಗಡಿಯಾರ ನೋಡಿಕೊಂಡು, "ಒಡೆಯುವ ಟೈಮಿಂಗ್ ಏನು?" ಎಂದು ವಿಚಾರಿಸಿದರು. ಒಣಮೀನು ಹರವುತ್ತಿದ್ದ ಹೆಂಗಸು ತಲೆ ಎತ್ತದೆಯೇ, "ಒಳಗಿದ್ದವರನ್ನೇ ಕೇಳಬೇಕು" ಎಂದಳು.

ಇನ್ನು ಕಯಾಕ್. ಇಬ್ಬರು ಕೂರುವ ಕಯಾಕಿನಲ್ಲಿ ದಿಕ್ಕು ತಿದ್ದುವವರು ಹಿಂದೆ ಕೂತವರು. ಆದ್ದರಿಂದ ಹಿಂದಿನ ಸೀಟು ರಾಯರದು, ಮುಂದಿನದು ಶ್ರೀಮತಿಯವರದು. ಹೊಳೆಯ ಮೇಲೆ ಕೊಂಕಣ ರೈಲ್ವೆಯ ಅತ್ಯಂತ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಮಿಕ್ಕಿದ್ದು. ಅದು ಕಣ್ಣಿಗೆ ಬಿದ್ದದ್ದೇ ರಾಯರ ವಿವರಣೆ ಶುರುವಾಯಿತು. ವಿವರಣೆಯಲ್ಲಿ ತಪ್ಪು ಹುಡುಕುವಂತಿಲ್ಲ, ಅವರು ಓದಿಕೊಂಡೇ ಬಂದವರು. ಕಾಂಡ್ಲಾ ಕಾಡಿನೊಳಗೆ ನುಗ್ಗಿದ ಮೇಲೂ ನಿಲ್ಲಲಿಲ್ಲ: ಈ ಗಿಡ ಕೆಸರಿನಲ್ಲಿ ಬೀಳದಂತೆ ಕಾಂಡದಿಂದಲೇ ಊರುಗೋಲಿನ ಬೇರು ಇಳಿಸುತ್ತದೆ, ಬೀಜ ಮರದಲ್ಲಿರುವಾಗಲೇ ಮೊಳೆತು, ಗೇಣುದ್ದ ಬೆಳೆದು ಕೆಳಗಿನ ಕೆಸರಿಗೆ ನಾಟಿಕೊಳ್ಳುತ್ತದೆ, ಉಪ್ಪುನೀರಿನಲ್ಲಿ ಬದುಕುವುದೆಂದರೆ...

"ಅಯ್ಯೋ, ನೀರುನಾಯಿ!" ಎಂದರು ಶ್ರೀಮತಿಯವರು.

ರಾಯರು ಲೆನ್ಸಿನ ಮುಚ್ಚಳ ತೆಗೆದು, ಫೋಕಸ್ ಕೂಡಿಸಿ ಕಣ್ಣಿಡುವಷ್ಟರಲ್ಲಿ ನೀರುನಾಯಿ ಒಂದು ಮೀನು ತಿಂದು ಮುಗಿಸಿ, ಮೀಸೆ ಒರೆಸಿಕೊಂಡು, ಬೇರಿನ ಸಂದಿಯಲ್ಲಿ ಮಾಯವಾಗಿತ್ತು. ಚಿತ್ರವಿಲ್ಲದ ಪ್ರಾಣಿಯನ್ನು ಪಟ್ಟಿಗೆ ಸೇರಿಸುವುದು ಹೇಗೆ? ರಾಯರಿಗೆ ಮುಖ ಉಳಿಸಿಕೊಳ್ಳಲು ಒಂದು ಹದ್ದಾದರೂ ಬೇಕಾಯಿತು. ಬಿಳಿಹೊಟ್ಟೆಯ ಕಡಲಹದ್ದೊಂದು ಮಾವಿನಕುರ್ವೆಯ ಕಡೆ ಹಾರಿದ್ದು ಕಂಡಿತು. "ಆ ಕವಲಿನೊಳಗೆ ಹೋಗುದು ಬೇಡ, ನಿನ್ನೆಯಷ್ಟೇ ಹುಣ್ಣಿಮೆ, ನೀರು ಭಾರೀ ಇಳಿತದೆ" ಎಂದು ಹುಡುಗ ಹಿಂದಿನಿಂದ ಕೂಗಿದ. ಕೂಗಿದ್ದು ರಾಯರಿಗೆ ಕೇಳಿಸಿತು. ಆದರೆ ಎಕ್ಸೆಲ್ ಹಾಳೆಯಲ್ಲಿ ಹುಣ್ಣಿಮೆಗೆ ಕಲಮು ಇರಲಿಲ್ಲ.

ಕಡಲಿಗೆ ಶನಿವಾರ, ಭಾನುವಾರ ಎಂಬುದಿಲ್ಲ. ಅದರ ರಜೆ–ಹಾಜರಿ ಎಲ್ಲ ಚಂದ್ರನ ಕೈಯಲ್ಲಿ. ದಿನಕ್ಕೆ ಎರಡು ಭರತ, ಎರಡು ಇಳಿತ. ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ; ಅಷ್ಟಮಿಯ ಸುಮಾರಿಗೆ ಎರಡೂ ಅಷ್ಟಕ್ಕಷ್ಟೆ. ಹಾಗಾಗಿ ಇಲ್ಲಿ ಬಲೆ ಬಿಡುವವರು, ಬಳಚು ಆರಿಸುವವರು ಗಡಿಯಾರಕ್ಕಿಂತ ಮೊದಲು ತಿಥಿ ನೋಡುತ್ತಾರೆ. ಗಡಿಯಾರ ಮಾತ್ರ ನೋಡುವ ರಾಯರು ನಾಲ್ಕೂವರೆಗೆ ಕೆಸರಿನ ಮೇಲೆ ಕೂತರು. ಹುಟ್ಟು ಹಾಕಿದರೆ ಕೆಸರು ಮೇಲೆದ್ದು ಬರುತ್ತದೆ, ಕಯಾಕ್ ಅಲುಗದು.

ಸ್ವಲ್ಪ ದೂರದಲ್ಲಿ ಬಳಚು ಆರಿಸುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ಇವರನ್ನು ನೋಡಿದರು.

"ಈಗ ಏನು ಮಾಡಬೇಕು?" ರಾಯರು ಕೂಗಿದರು.

"ಕೂತುಕೊಳ್ಳುದು."

"ನೀರು ಎಷ್ಟು ಹೊತ್ತಿಗೆ ಬರುತ್ತದೆ?"

"ತಿರುಗಿದ ಮೇಲೆ."

ರಾಯರು ಫೋನ್ ತೆಗೆದರು. ಸಿಗ್ನಲ್ ಇತ್ತು, ಚಾರ್ಜ್ ಇರಲಿಲ್ಲ. ಬೆಳಗಿನ ಡಿಟಾಕ್ಸ್ ಸಂದೇಶದ ಉತ್ತರಗಳನ್ನು ಓದುವುದರಲ್ಲೇ ಮುಗಿದಿತ್ತು. ಕ್ಯಾಮೆರಾದ ಬ್ಯಾಟರಿಯನ್ನು ಸೇತುವೆ ತಿಂದಿತ್ತು. ಜೀವಂತವಾಗಿದ್ದದ್ದು ಗಡಿಯಾರ ಒಂದೇ. ಅದು ಗುಂಯ್‌ಗುಟ್ಟಿ, ಬಹಳ ಹೊತ್ತಿನಿಂದ ಕೂತಿದ್ದೀರಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ ಎಂದಿತು. ಶಿಸ್ತಿನ ಮನುಷ್ಯ, ಎದ್ದರು. ಮೊದಲ ಹೆಜ್ಜೆಗೇ ಕಾಲು ಮೊಣಕಾಲತನಕ ಹೋಯಿತು. ಕಾಲು ವಾಪಸು ಬಂತು, ಚಪ್ಪಲಿ ಬರಲಿಲ್ಲ.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಇಬ್ಬರೂ ಅಲುಗಾಡದೆ ಕೂತದ್ದರಿಂದ ಕೆಸರಿನ ಬಿಲಗಳಿಂದ ಒಂದೊಂದಾಗಿ ಏಡಿಗಳು ಹೊರಬಂದವು. ಗಂಡು ಏಡಿಗೆ ಒಂದು ಕೊಂಡಿ ಮಾತ್ರ ಮೈಗೆ ಮೀರಿದ ದೊಡ್ಡದು. ಅದನ್ನೆತ್ತಿ ಆಡಿಸುವುದು ಹೆಣ್ಣನ್ನು ಕರೆಯಲು, ಬೇರೆ ಗಂಡುಗಳನ್ನು ಹೆದರಿಸಲು. ರಾಯರು ತಮಗೇ ಎಂದುಕೊಂಡು ತಿರುಗಿ ಕೈ ಬೀಸಿದರು. ತೇವ ಚರ್ಮದಿಂದಲೂ ಉಸಿರಾಡಬಲ್ಲ ಮೀನುಗಳು ನೀರಿನ ಹಂಗು ಬಿಟ್ಟು ಕೆಸರಿನ ಮೇಲೆ ಕುಪ್ಪಳಿಸಿದವು. ಬೆಳ್ಳಕ್ಕಿಯೊಂದು ಮಾರು ದೂರದಲ್ಲೇ ನಿಂತಿತು. ರಾಯರು ಬೆನ್ನು ಹತ್ತಿದ್ದ ಕಡಲಹದ್ದು ತಾನಾಗಿಯೇ ಬಂದು ಎದುರಿನ ಮರದ ಮೇಲೆ ಕೂತು, ಎಡಗಡೆಯಿಂದ, ಬಲಗಡೆಯಿಂದ ಮುಖ ತೋರಿಸಿತು. ರಾಯರು ಅದರ ಬಗ್ಗೆ ಏನೂ ಹೇಳಲಿಲ್ಲ. ಶ್ರೀಮತಿಯವರು ಅನುಮಾನದಿಂದ ತಿರುಗಿ ನೋಡಿದರೆ, ರಾಯರು ಲೈಫ್ ಜಾಕೆಟ್ಟಿನ ಮೇಲೆ ಗದ್ದವಿಟ್ಟು ಗೊರಕೆ ಹೊಡೆಯುತ್ತಿದ್ದರು. ಬೆಂಗಳೂರಿನಲ್ಲಿ ಮೂರು ಬಗೆಯ ದಿಂಬು, ಎರಡು ಬಗೆಯ ಆ್ಯಪ್ ಇದ್ದೂ ಬಾರದ ನಿದ್ದೆ ಅದು. ಅವರು ಎಬ್ಬಿಸಲಿಲ್ಲ. ಎಬ್ಬಿಸಿದರೆ ಹದ್ದಿನ ವೈಜ್ಞಾನಿಕ ಹೆಸರು ಕೇಳಬೇಕಾಗುತ್ತಿತ್ತು.

ಎರಡು ತಾಸಾದ ಮೇಲೆ ನೀರು ತಿರುಗಿ ಬಂದು ಕಯಾಕನ್ನು ಎತ್ತಿತು. ಕವಲಿನ ಬಾಯಲ್ಲಿ ಕಾದಿದ್ದ ಹುಡುಗ ಹಗ್ಗ ಕಟ್ಟಿ ದಡಕ್ಕೆ ತಂದ. ಆ ರಾತ್ರಿ ರಾಯರು ಮುರುಗಲು ಪಾನಕ ಕುಡಿದು, ಬಳಚಿನ ಸುಕ್ಕ ಎರಡನೇ ಸಲ ಹಾಕಿಸಿಕೊಂಡು, ಯಾರಿಗೂ ಏನೂ ವಿವರಿಸದೆ ಮಲಗಿದರು. ಮನುಷ್ಯ ಬದಲಾದ ಎಂದೇ ಇಲ್ಲಿ ಎಲ್ಲರೂ ನಂಬಿದರು.

ಸೋಮವಾರ ಮಧ್ಯಾಹ್ನವೇ ಹುಡುಗನಿಗೆ ಫೋನ್ ಬಂತು. ಬರುವ ಶನಿವಾರ ಆಫೀಸಿನ ಹನ್ನೆರಡು ಮಂದಿ ಬರುತ್ತಾರೆ. ನಾಲ್ಕೂವರೆಯಿಂದ ಆರೂವರೆಯವರೆಗೆ ಅದೇ ಕವಲಿನಲ್ಲಿ ಸಿಕ್ಕಿಬೀಳಿಸಬೇಕು. ಏಡಿ ಬರುವ ಜಾಗವೇ ಆಗಬೇಕು, ಹದ್ದು ಸಿಕ್ಕರೆ ಇನ್ನೂ ಒಳ್ಳೆಯದು. ನಿದ್ದೆ ಐಚ್ಛಿಕ.

"ಆ ದಿನ ಅಷ್ಟಮಿ ಮಾರಾಯ್ರೆ" ಎಂದ ಹುಡುಗ. "ನೀರು ಅಷ್ಟು ಇಳಿಯುದಿಲ್ಲ. ಸಿಕ್ಕಿಬೀಳುದು ಕಷ್ಟ."

ಆ ಕಡೆ ಕೀಬೋರ್ಡ್ ಟಕಟಕ ಎಂದಿತು. ಹಾಳೆಗೆ ಹೊಸದೊಂದು ಕಲಮು ಸೇರಿರಬೇಕು.

"ಸರಿ, ಅಷ್ಟಮಿಯನ್ನು ಮುಂದಕ್ಕೆ ಹಾಕಲು ಯಾರ ಹತ್ತಿರ ಮಾತಾಡಬೇಕು?"