ಎಲೆ ಹಿಡಿದ ಸ್ಥಿತಪ್ರಜ್ಞ

ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಂಪನಿಯ ಊಟದ ಮೇಜಿನಲ್ಲಿ ಪೋಕರ್ ಆಡುವವನೊಬ್ಬ ಇದ್ದೇ ಇರುತ್ತಾನೆ. ಪತ್ತೆ ಹಚ್ಚುವುದು ಕಷ್ಟವೇನಲ್ಲ. ಕ್ಯಾಂಟೀನಿನ ಸಾಂಬಾರು ಹಳಸಿದ ದಿನ ಉಳಿದವರೆಲ್ಲ ಕಾಂಟ್ರಾಕ್ಟರನ ವಂಶ ಜಾಲಾಡುತ್ತಿದ್ದರೆ ಇವನು ಮಾತ್ರ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ‘ಸಾಂಬಾರು ತಗೊಂಡ ನಿರ್ಧಾರ ಸರಿಯಾಗೇ ಇತ್ತು. ರಿಸಲ್ಟ್ ಕೈಕೊಡ್ತು, ಅಷ್ಟೆ’ ಅನ್ನುತ್ತಾನೆ. ಅನ್ನುವಾಗ ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಸ್ಥಿತಪ್ರಜ್ಞ ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ ಅಂತ ಗೀತೆಯ ಎರಡನೇ ಅಧ್ಯಾಯದಲ್ಲಿ ಅರ್ಜುನ ಕೇಳಿದನಲ್ಲ, ಆಗ ಇವನನ್ನು ತೋರಿಸಿಬಿಟ್ಟಿದ್ದರೆ ಕೃಷ್ಣನಿಗೆ ಹದಿನೆಂಟು ಶ್ಲೋಕದ ಶ್ರಮ ಉಳಿಯುತ್ತಿತ್ತು.

ನಮ್ಮ ಸ್ಥಿತಪ್ರಜ್ಞ ಆಡುವುದು ಟೆಕ್ಸಸ್ ಹೋಲ್ಡೆಮ್. ಒಬ್ಬೊಬ್ಬರ ಕೈಗೂ ಎರಡೆರಡು ಎಲೆ; ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ಬಿಚ್ಚುತ್ತಾರೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ನಡುನಡುವೆ ದುಡ್ಡು ಕಟ್ಟುತ್ತಾರೆ. ಮೊದಮೊದಲು ಅವನೂ ಎಲ್ಲರ ಹಾಗೆ ಎಲೆ ನೋಡಿಯೇ ಆಡುತ್ತಿದ್ದ. ಸೋಲು ಹೆಚ್ಚಾದಂತೆ, ತೊಂದರೆ ಎಲೆಯಲ್ಲಿಲ್ಲ, ಮನಸ್ಸಿನಲ್ಲಿದೆ ಎಂಬ ಜ್ಞಾನೋದಯವಾಯಿತು. ಅಂದಿನಿಂದ ಆಟ ಕಲಿಯುವುದನ್ನು ಬಿಟ್ಟು ಮನಸ್ಸನ್ನು ಪಳಗಿಸಲು ಹೊರಟ. ಬೆಳಿಗ್ಗೆ ಐದಕ್ಕೆ ಧ್ಯಾನ. ಸಕ್ಕರೆ ಬಂದ್. ಕಪಾಟಿನಲ್ಲಿ ಜೇರೆಡ್ ಟೆಂಡ್ಲರ್ 2011ರಲ್ಲಿ ತಂದ ‘ದಿ ಮೆಂಟಲ್ ಗೇಮ್ ಆಫ್ ಪೋಕರ್’, ಅದರ ಪಕ್ಕ ಮರಿಯಾ ಕೊನ್ನಿಕೋವಾ ಅವರ ‘ದಿ ಬಿಗ್ಗೆಸ್ಟ್ ಬ್ಲಫ್’. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಈ ಲೇಖಕಿ ಪೋಕರ್‌ನ ಗಂಧಗಾಳಿ ಇಲ್ಲದೆ ಕಣಕ್ಕಿಳಿದು, ಎರಿಕ್ ಸೈಡೆಲ್ ಎಂಬ ಪಳಗಿದ ಆಟಗಾರನ ಹತ್ತಿರ ಪಾಠ ಹೇಳಿಸಿಕೊಂಡು, ಟೂರ್ನಮೆಂಟನ್ನೇ ಗೆದ್ದವರು. ‘ನೋಡು, ಬರೀ ಸೈಕಾಲಜಿಯಿಂದ ಗೆದ್ರು!’ ಎಂದು ಸ್ಥಿತಪ್ರಜ್ಞ ಕಣ್ಣರಳಿಸುತ್ತಾನೆ. ಆಕೆ ಕೂತು ಆಟ ಅಭ್ಯಾಸ ಮಾಡಿದ ಪುಟಗಳನ್ನು ಮಾತ್ರ ಬೇಗಬೇಗ ತಿರುವಿಹಾಕಿದ್ದಾನೆ.

ಹಾಗಂತ ಅವನು ಹೇಳುವುದೆಲ್ಲ ಬುರುಡೆಯಲ್ಲ. ಎರಡು ಎಕ್ಕ ಒಟ್ಟಿಗೆ ಕೈಗೆ ಬರುವುದು ಸರಾಸರಿ 221 ಸಲಕ್ಕೊಮ್ಮೆ. ಅಂಥ ರಾಜಯೋಗದ ಕೈಯೂ ಎದುರಿಗೆ ಯಾವುದೋ ಒಂದು ಕೈ ಇದ್ದಾಗ ನೂರಕ್ಕೆ ಸುಮಾರು 85 ಸಲ ಗೆದ್ದು, ಉಳಿದ 15 ಸಲ ಮಣ್ಣು ಮುಕ್ಕುತ್ತದೆ. ಆ ಹದಿನೈದರಲ್ಲಿ ಸಿಕ್ಕಿಕೊಂಡವನು ಪೆದ್ದನೂ ಅಲ್ಲ, ಅವನನ್ನು ಸೋಲಿಸಿದವನು ಜಾಣನೂ ಅಲ್ಲ. ಸರಿಯಾಗಿ ಆಡಿ ಸೋಲಬಹುದು, ತಪ್ಪುತಪ್ಪಾಗಿ ಆಡಿ ಗೆಲ್ಲಬಹುದು. ಚದುರಂಗದಲ್ಲಿ ಇಷ್ಟು ಅನ್ಯಾಯ ಇಲ್ಲ. ಒಂದು ರಾತ್ರಿಯ ಲಾಭನಷ್ಟ ಏನನ್ನೂ ಸಾಬೀತು ಮಾಡುವುದಿಲ್ಲ. ಸಾವಿರಾರು ಕೈ ಆಡಿದ ಮೇಲೆಯೇ ಯಾರ ಬಂಡವಾಳ ಎಷ್ಟು ಅಂತ ತಿಳಿಯುವುದು. ಈ ಏರಿಳಿತಕ್ಕೆ ಆಟದವರು ವೇರಿಯನ್ಸ್ ಅನ್ನುತ್ತಾರೆ. ಮಾತು ನೂರಕ್ಕೆ ನೂರು ನಿಜ. ಆದರೆ ಇಂಥ ನಿಜ ಎಂಥವರ ಕೈಗೆ ಸಿಕ್ಕಿತು ಅನ್ನುವುದೂ ಮುಖ್ಯ. ಸ್ಥಿತಪ್ರಜ್ಞ ಗೆದ್ದರೆ ಅದು ಮನೋಬಲ, ಸೋತರೆ ವೇರಿಯನ್ಸ್. ಎದುರಿನವನು ಗೆದ್ದರೆ ವೇರಿಯನ್ಸ್, ಸೋತರೆ ಅವನ ಮನೋದೌರ್ಬಲ್ಯ.

ಸೋತ ಕಥೆಯನ್ನು ಅವನ ಬಾಯಲ್ಲೇ ಕೇಳಬೇಕು. ‘ನನ್ ಹತ್ರ ಎರಡು ಎಕ್ಕ. ಅವನ ಹತ್ರ ಎರಡು ರಾಜ. ಇದ್ದ ದುಡ್ಡೆಲ್ಲ ಒಳಗೆ. ಬಾಕಿ ಇರೋದು ಒಂದೇ ಎಲೆ. ಕಾಣದೇ ಇರೋ 44 ಎಲೇಲಿ ಅವನಿಗೆ ಬೇಕಾದ್ದು ಎರಡೇ ಎರಡು.’ ಇಲ್ಲಿ ಒಂದು ನಿಲುಗಡೆ. ಬಂದದ್ದು ಆಟೀನು ರಾಜನೆಂದು ಕೂತವರಿಗೆಲ್ಲ ಗೊತ್ತು, ಯಾಕೆಂದರೆ ಈ ರಾಜ ಸಂಕ್ರಾಂತಿಯಿಂದಲೂ ಬರುತ್ತಲೇ ಇದ್ದಾನೆ. ಕಡೆಗೆ ಮಂಗಳ ಹಾಡುತ್ತಾನೆ: ‘ನನಗೆ ಏನೂ ಅನ್ನಿಸ್ಲೇ ಇಲ್ಲ ಮಾರಾಯ.’ ಏನೂ ಅನ್ನಿಸದ ಈ ಸಂಗತಿಯನ್ನು ಯುಗಾದಿಗೂ ಹೇಳಿದ, ಗಣೇಶನ ಹಬ್ಬಕ್ಕೂ ಹೇಳಿದ.

ತಲೆ ಕೆಟ್ಟು ಅಡ್ಡಾದಿಡ್ಡಿ ಆಡುವುದಕ್ಕೆ ಪೋಕರಿನಲ್ಲಿ ಟಿಲ್ಟ್ ಎಂದು ಹೆಸರು. ಟೆಂಡ್ಲರ್ ಅದರಲ್ಲಿ ಏಳು ಬಗೆ ಗುರುತಿಸಿದ್ದಾರೆ: ಮೇಲಿಂದ ಮೇಲೆ ಸೋತು ಕೆಡುವುದು, ನನಗೇ ಅನ್ಯಾಯವಾಯಿತೆಂದು ಕೆಡುವುದು, ಸೋಲೆಂದರೇ ಆಗದೆ ಕೆಡುವುದು, ತನ್ನದೇ ತಪ್ಪಿಗೆ ಕುದಿಯುವುದು, ಗೆಲುವು ನನ್ನ ಹಕ್ಕೆಂದು ಬೀಗುವುದು, ಸೇಡಿಗೆ ಬೀಳುವುದು, ಹತಾಶೆಯಿಂದ ಎಲ್ಲ ಸುರಿಯುವುದು. ಸ್ಥಿತಪ್ರಜ್ಞನಿಗೆ ಈ ಏಳೂ ಬಾಯಿಪಾಠ. ಹೊಸಬರ ಮುಖ ನೋಡಿ ‘ಇವನದು ಐದನೇದು’ ಎಂದು ರೋಗ ಹೇಳಬಲ್ಲ. ಒಂದೇ ರಾತ್ರಿ ನಲವತ್ತು ಸಾವಿರ ಕಳೆದು ‘ಪ್ರೋಸೆಸ್ ಮುಖ್ಯ’ ಎಂದು ನಕ್ಕ ಈ ಮನುಷ್ಯ, ಆಟೋದವನು ಮೀಟರಿನ ಮೇಲೆ ಮೂವತ್ತು ರೂಪಾಯಿ ಕೇಳಿದ್ದಕ್ಕೆ ಮನೆ ಗೇಟಿನ ಮುಂದೆ ಇಪ್ಪತ್ತು ನಿಮಿಷ ಗಂಟಲು ಹರಿದುಕೊಂಡಿದ್ದಾನೆ. ಹೆಂಡತಿ ಬಾಲ್ಕನಿಯಿಂದ ಬಗ್ಗಿ ಕೇಳಿದಳು: ‘ರೀ, ಇದು ಏಳರಲ್ಲಿ ಎಷ್ಟನೇದು?’

ಎದುರಾಳಿಯ ಮನಸ್ಸು ಓದುವುದು ಅವನ ಇನ್ನೊಂದು ವಿದ್ಯೆ. ಕೈ ನಡುಗಿದವನ ಬಳಿ ಒಳ್ಳೆಯ ಎಲೆಯೇ ಇರುತ್ತದೆ, ಹೆದರಿಕೆಯಲ್ಲ ಅದು, ಉದ್ವೇಗ ಎಂದು ಪೋಕರ್ ಬರಹಗಾರ ಮೈಕ್ ಕಾರೋ ತನ್ನ 1984ರ ಪುಸ್ತಕದಲ್ಲೇ ಬರೆದಿದ್ದಾನೆ. ಅದೂ ಇವನಿಗೆ ಕಂಠಸ್ಥ. ತನ್ನನ್ನು ಯಾರೂ ಓದಬಾರದೆಂದು ರಾತ್ರಿ ಹನ್ನೊಂದಕ್ಕೂ ಕಪ್ಪು ಕನ್ನಡಕ, ತಲೆಗೆ ಟೋಪಿ. ಆದರೆ ಶನಿವಾರದ ಗೆಳೆಯರ ಗುಂಪಿನಲ್ಲಿ ಒಂದು ಗುಟ್ಟಿದೆ. ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಅದು ಗೊತ್ತು. ಅವನು ಕಣ್ಣು ಅರೆಮುಚ್ಚಿ, ಮೂಗಿನಿಂದ ನಾಲ್ಕು ಎಣಿಸಿ ಉಸಿರು ಎಳೆದು, ನಾಲ್ಕು ಎಣಿಸಿ ಬಿಟ್ಟ ಅಂದರೆ ಕೈಯಲ್ಲಿ ಮೂರು ಕಾಸಿನ ಎಲೆಯಿಲ್ಲ, ಬರೀ ಬ್ಲಫ್. ಪ್ರಾಣಾಯಾಮ ಶುರುವಾದ ಕೂಡಲೇ ಗೆಳೆಯರು ದುಡ್ಡು ಏರಿಸುತ್ತಾರೆ.

ಶಿಸ್ತಿನ ವಿಷಯಕ್ಕೆ ಬಂದರೆ ಅವನ ಬಳಿ ಒಂದು ಡೈರಿ ಇದೆ. ಆಟದ ದುಡ್ಡು ಬೇರೆ, ಮನೆಯ ದುಡ್ಡು ಬೇರೆ. ಇಷ್ಟು ಸೋತರೆ ಆ ರಾತ್ರಿ ಏಳಲೇಬೇಕು. ಪ್ರತಿ ಆಟದ ಬಳಿಕ ತಪ್ಪುಒಪ್ಪು ಬರೆಯಬೇಕು. ಒಳ್ಳೆಯ ಆಟಗಾರರೆಲ್ಲ ಪಾಲಿಸುವ ನಿಯಮಗಳೇ. ಅಷ್ಟು ಸೋತ ಗಳಿಗೆ ಬಂದಾಗ ಮಾತ್ರ ಅವನ ಶಾಂತಿಯೇ ಅವನಿಗೆ ವಕೀಲನಾಗಿ ನಿಲ್ಲುತ್ತದೆ. ‘ಏಳೋ ರೂಲು ಇರೋದು ಟಿಲ್ಟ್ ಆದವರಿಗೆ. ನಾನು ಆಗಿಲ್ವಲ್ಲ?’ ಎಂದು ಇನ್ನೊಂದು ಕಂತು ಚಿಪ್ಸ್ ತರಿಸುತ್ತಾನೆ. ಸಿಟ್ಟು ಬಂದಿದ್ದರೆ ಹತ್ತು ಗಂಟೆಗೇ ಮನೆ ಸೇರಿರುತ್ತಿದ್ದ.

ಜೂಜು ಎಂಬ ಪದ ಅವನ ಕಿವಿಗೆ ಬೀಳಬಾರದು. ಆನ್‌ಲೈನ್ ಆಟಗಳನ್ನು ನಿಷೇಧಿಸಲು 2021ರಲ್ಲಿ ರಾಜ್ಯ ಸರ್ಕಾರ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿದಾಗ ಆಫೀಸಿಗೆಲ್ಲ ಮೈಸೂರು ಪಾಕ್ ಹಂಚಿದ್ದ. ‘ಇದು ಕೌಶಲದ ಆಟ ಕಣೇ, ಕೋರ್ಟೇ ಹೇಳಿದೆ’ ಎಂದು ಮನೆಯಲ್ಲಿ ಬೀಗಿದಾಗ ಹೆಂಡತಿ, ‘ಆಟದಲ್ಲಿ ಕೌಶಲ ಇದೆ ಅಂತ ಹೇಳಿದೆ, ನಿಮ್ಮಲ್ಲಿ ಇದೆ ಅಂತ ಎಲ್ಲಿ ಹೇಳಿದೆ?’ ಅಂದಳು. 2025ರ ಆಗಸ್ಟಿನಲ್ಲಿ ಕೇಂದ್ರದ ಹೊಸ ಕಾಯ್ದೆ ಬಂದು, ದುಡ್ಡಿಟ್ಟು ಆಡುವ ಆ್ಯಪ್‌ಗಳ ಬಾಗಿಲು ಮುಚ್ಚಿತು. ‘ಸರ್ಕಾರವೂ ಒಂದು ವೇರಿಯನ್ಸೇ’ ಎಂದು ನಿಟ್ಟುಸಿರಿಟ್ಟು, ಪಣಜಿಗೆ ಸ್ಲೀಪರ್ ಬಸ್ ಹುಡುಕಿದ. ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಶಾಂತಿ ಇನ್ನೂ ಸಿಗುತ್ತದಲ್ಲ.

ಈ ನಡುವೆ ನಾದಿನಿಯ ಮದುವೆ ಬಂತು. ವರಪೂಜೆಯ ರಾತ್ರಿ ಛತ್ರದ ಮಹಡಿಯ ಕೋಣೆಯಲ್ಲಿ ಜಮಖಾನ ಹಾಸಿ ರಮ್ಮಿ ಶುರುವಾಯಿತು. ಪಾಯಿಂಟಿಗೆ ಒಂದು ರೂಪಾಯಿ. ಹಾಸನದ ಕಡೆಯ ನಿವೃತ್ತ ಮೇಷ್ಟ್ರಾದ ಮಾವ ಪಂಚೆ ಮೇಲಕ್ಕೆ ಕಟ್ಟಿ ಚಕ್ಕಳಮಕ್ಕಳ ಹಾಕಿ ಕೂತರು. ಹದಿಮೂರು ಎಲೆ ಜೋಡಿಸಿ, ಒಮ್ಮೆ ಕಣ್ಣಾಡಿಸಿ, ‘ಸ್ಕೂಟ್’ ಎಂದು ಕವುಚಿಟ್ಟು ಇಪ್ಪತ್ತು ರೂಪಾಯಿ ತಳ್ಳಿದರು. ಮುಂದಿನ ಕೈಯಲ್ಲೂ ಸ್ಕೂಟ್. ಅದರ ಮುಂದಿನದರಲ್ಲೂ. ಆಮೇಲೆ ಒಂದು ಕೈ ಆಡಿದರು, ನಾಲ್ಕೇ ಸುತ್ತಿನಲ್ಲಿ ಶೋ ಮಾಡಿ ಎಲ್ಲರಿಂದ ಎಣಿಸಿಕೊಂಡರು. ಅಳಿಯ ಹತ್ತು ರೂಪಾಯಿ ನಾಣ್ಯಗಳ ಎರಡು ಕಟ್ಟು ಮಾಡಿ, ಒಂದೇ ಕೈಯ ಬೆರಳುಗಳಲ್ಲಿ ಅವನ್ನು ಒಂದರೊಳಗೊಂದು ಸೇರಿಸುತ್ತ ಟಕಟಕ ಸದ್ದು ಮಾಡುತ್ತಿದ್ದ. ಕ್ಯಾಸಿನೊದಲ್ಲಿ ಕಲಿತ ಕಸುಬು. ಒಂದು ಕೈಯನ್ನೂ ಬಿಡದೆ ಆಡಿ, ಸಲಸಲಕ್ಕೂ ಎಂಬತ್ತು ತೆರುತ್ತಿದ್ದ.

‘ಬರೀ ಸ್ಕೂಟ್ ಹೊಡೀತಾ ಕೂತರೆ ಆಡೋದು ಯಾವಾಗ ಮಾವ?’

‘ಇದೂ ಆಟವೇ ಅಲ್ವೇ ಅಳಿಯಂದ್ರೇ’ ಎಂದರು ಮಾವ.

ಅಳಿಯನಿಗೆ ಉಪದೇಶದ ಹುಕಿ ಬಂತು. ಧರ್ಮರಾಯ ಸೋತದ್ದು ಶಕುನಿಯ ದಾಳದಿಂದಲ್ಲ, ಮನಸ್ಸನ್ನು ಪಳಗಿಸದೆ ಕೂತದ್ದರಿಂದ. ಒಂದು ಹತ್ತು ನಿಮಿಷ ಧ್ಯಾನ ಮಾಡಿದ್ದರೆ ಮಹಾಭಾರತವೇ ಬೇರೆಯಾಗುತ್ತಿತ್ತು ಎಂದ. ಮಾವ ಎಲೆ ಕಲಸುತ್ತಲೇ ಹೇಳಿದರು: ‘ಧರ್ಮರಾಯನಿಗೆ ಶಾಂತಿಗೆ ಏನು ಬರ ಬಂದಿತ್ತು? ತಮ್ಮಂದಿರನ್ನ ಒಬ್ಬೊಬ್ಬರನ್ನಾಗಿ ಒಡ್ಡುವಾಗಲೂ ದನಿ ಏರಿಸ್ಲಿಲ್ಲ. ಕಳಕೊಂಡದ್ದನ್ನ ಮುದುಕ ದೊರೆ ವಾಪಸ್ ಕೊಟ್ಟ, ಊರ ಕಡೆ ಹೊರಟೂ ಆಗಿತ್ತು. ಮತ್ತೆ ಕರೆ ಬಂತು, ಮತ್ತೆ ಹೋಗಿ ಕೂತ. ಅವನಿಗೆ ಬರದೇ ಇದ್ದದ್ದು ಏಳೋದು. ಆಮೇಲೆ ಕಾಡಲ್ಲಿ ಬೃಹದಶ್ವ ಮುನಿ ಬಂದು ನಳನ ಕಥೆ ಹೇಳಿ ಅಕ್ಷಹೃದಯ ಕಲಿಸಿದ, ಅಂದ್ರೆ ದಾಳದ ಮರ್ಮ. ನಳನಿಗೆ ಅದನ್ನ ಕಲಿಸಿದ ಋತುಪರ್ಣ ಯಾವನು? ದಾರೀಲಿ ಸಿಕ್ಕ ತಾರೆ ಮರದ ಎಲೆ, ಕಾಯಿ ಎಷ್ಟು ಅಂತ ಕೂತಲ್ಲೇ ಲೆಕ್ಕ ಹೇಳಿದವನು. ಆ ಲೆಕ್ಕ ಒಳಗೆ ಹೋದ್ಮೇಲೇ ನಳನ ಮೈ ಹೊಕ್ಕಿದ್ದ ಕಲಿ ಹೊರಗೆ ಬಂದದ್ದು. ಮೊದಲು ಲೆಕ್ಕ, ಶಾಂತಿ ಆಮೇಲೆ ತಾನಾಗೇ ಬರುತ್ತೆ. ನೀವು ಶಾಂತಿಯಿಂದ ಶುರು ಮಾಡಿದೀರಿ.’

‘ಪಾಯಿಂಟ್ ಇದೆ ಮಾವ’ ಎಂದ ಅಳಿಯ. ಮೂಗಿನಿಂದ ನಾಲ್ಕು ಎಣಿಸಿ ಉಸಿರೆಳೆದ. ಮಾವ ಅವನನ್ನೇ ಒಂದು ಕ್ಷಣ ನೋಡಿ ಆ ಕೈ ಆಡಿಬಿಟ್ಟರು, ಗೆದ್ದರು.

ಹನ್ನೊಂದು ಹೊಡೆಯುತ್ತಿದ್ದಂತೆ ಮಾವ ಚಿಲ್ಲರೆ ಎಣಿಸಿ ಬನಿಯನ್ನಿನ ಜೇಬಿಗೆ ಹಾಕಿಕೊಂಡು, ‘ಬೆಳಿಗ್ಗೆ ಧಾರೆ ಎರೀಬೇಕಪ್ಪ’ ಎಂದು ಎದ್ದು ಹೋದರು. ಅಳಿಯ ಎದ್ದದ್ದು ಮೂರಕ್ಕೆ. ಅದೂ ಕಾಯಿ ತುರಿದು ಮುಗಿಸಿ ದಣಿವಾರಿಸಿಕೊಳ್ಳಲು ಬಂದಿದ್ದ ಅಡುಗೆಯವರ ಹುಡುಗ ಕೊನೆಯ ನಾಣ್ಯವನ್ನೂ ಗೆದ್ದುಕೊಂಡು, ಒಲೆ ಹಚ್ಚುವ ಹೊತ್ತಾಯಿತೆಂದು ಕೆಳಗಿಳಿದ ಮೇಲೆ. ಮಲಗುವ ಮುಂಚೆ ಸ್ಥಿತಪ್ರಜ್ಞ ಡೈರಿ ತೆಗೆದು ಮೊಬೈಲ್ ಬೆಳಕಿನಲ್ಲಿ ಬರೆದ: ‘ನಷ್ಟ 1,140. ನಿರ್ಧಾರಗಳೆಲ್ಲ ಸರಿ. ಮಾವ ಅಂಜುಬುರುಕ ಆಟಗಾರ. ಗೆಲ್ಲುತ್ತಿರುವಾಗಲೇ ಎದ್ದು ಹೋದರು. ಮೆಂಟಲ್ ಗೇಮ್ ತುಂಬಾ ವೀಕು.’