ಹಾರ್ವರ್ಡ್ ಸಾಹೇಬರಿಗೆ, ಯಾದಗಿರಿ ಜಿಲ್ಲೆಯಿಂದ

ಹಾರ್ವರ್ಡ್ ವಿಶ್ವವಿದ್ಯಾಲಯದ ಟ್ರೇಡ್‌ಮಾರ್ಕ್ ಕಚೇರಿಯ ಸಾಹೇಬರೇ,

ನಿಮ್ಮ ಹೆಸರು ನಮ್ಮ ಕಡೆ ಚೆನ್ನಾಗಿಯೇ ಓಡುತ್ತಿದೆ. ಶಹಾಪುರದ ಸಂತೆಯಲ್ಲಿ ತಾಡಪತ್ರಿ ಹಾಸಿ ಸುರಿದ ಟೀ ಶರ್ಟುಗಳನ್ನು ಕೆದಕಿದರೆ ಕೆಂಪನೆಯದೊಂದು ಸಿಕ್ಕೇ ಸಿಗುತ್ತದೆ: ಎದೆಯ ಮೇಲೆ ಗುರಾಣಿ, ಗುರಾಣಿಯೊಳಗೆ ಮೂರು ತೆರೆದ ಪುಸ್ತಕ, ಮೇಲೆ ನಿಮ್ಮ ಹೆಸರು, ಸ್ಪೆಲ್ಲಿಂಗಿನಲ್ಲಿ ಒಂದಕ್ಷರ ಕಡಿಮೆ. ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಕೆಳಗೆ ಆಡು ಮೇಯಿಸುವ ಹುಡುಗನೂ ಅದನ್ನೇ ತೊಟ್ಟಿರುತ್ತಾನೆ. ಪ್ರವೇಶ ಪರೀಕ್ಷೆ ಇಲ್ಲ; ಶುಲ್ಕ ಚೌಕಾಶಿಗೆ ಬಿಟ್ಟದ್ದು.

ಅಂಗಿ, ಟೋಪಿಗಳಿಗೆ ಹೆಸರಿನ ಲೈಸೆನ್ಸ್ ಕೊಟ್ಟು, ಬಂದ ರಾಯಧನವನ್ನು ವಿದ್ಯಾರ್ಥಿಗಳ ನೆರವಿಗೆ ಹಾಕುತ್ತೀರಂತೆ. ಒಳ್ಳೆಯದು. ನಮ್ಮ ಕಾಯ್ದೆಯೂ ನಿಮ್ಮ ಪರವೇ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಖೋಟಾ ಗುರುತಿನ ಮಾಲು ಮಾರಿದವನಿಗೆ ಸಾಮಾನ್ಯವಾಗಿ ಕಡಿಮೆಯೆಂದರೂ 6 ತಿಂಗಳು ಜೈಲು, 50,000 ರೂಪಾಯಿ ದಂಡ.

ಅದೇ ಆಸಾಮಿ ಅಂಗಿ ಬಿಟ್ಟು ವಿಶ್ವವಿದ್ಯಾಲಯವನ್ನೇ ಖೋಟಾ ಮಾಡಿದನೆನ್ನಿ. 1956ರ ಯುಜಿಸಿ ಕಾಯ್ದೆಯಲ್ಲಿ ಅದಕ್ಕೆ ಹೆಚ್ಚೆಂದರೆ 1,000 ರೂಪಾಯಿ ದಂಡ. (ವಂಚನೆ ಕೇಸು ಬೇರೆ ಹಾಕಬಹುದು, ಅದು ಮುಗಿಯುವಷ್ಟರಲ್ಲಿ ಮೂರು ಘಟಿಕೋತ್ಸವ ಆಗಿರುತ್ತವೆ.) ಗೋಕಾಕದ ವಿಳಾಸದ ಒಂದು 'ವರ್ಲ್ಡ್ ಓಪನ್ ಯೂನಿವರ್ಸಿಟಿ' ಯುಜಿಸಿಯ ನಕಲಿ ಪಟ್ಟಿಯಲ್ಲಿ ವರ್ಷಗಟ್ಟಲೆ ಹಾಯಾಗಿ ಕೂತಿತ್ತು.

ಲೈಸೆನ್ಸ್ ಕೊಡುವ ವಿದ್ಯೆ ನಮಗೂ ಗೊತ್ತು ಸಾಹೇಬರೇ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ರಾಜ್ಯದ ಗಡಿಯಾಚೆಯ ಖಾಸಗಿ ಸಂಸ್ಥೆಗಳಿಗೂ ತನ್ನ ಹೆಸರಲ್ಲಿ ಪಾಠ ಮಾಡಲು ಬಿಟ್ಟಿತು. 2013-14ರಿಂದ ಅದಕ್ಕೆ ಮಾನ್ಯತೆಯೇ ಇಲ್ಲವೆಂದು ಯುಜಿಸಿ ಸಾರಿದ್ದು 2015ರಲ್ಲಿ. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಫೀ ಕಟ್ಟಿ ಓದಿದವರ ಕೈಯಲ್ಲಿ ಲಾಂಛನ ಅಸಲಿ, ಮುದ್ರೆ ಅಸಲಿ, ಸಹಿ ಅಸಲಿ. ಬೆಲೆಯೊಂದೇ ಇರಲಿಲ್ಲ.

ನಕಲು ತಡೆಯುವುದರಲ್ಲಿ ಮಾತ್ರ ನೀವು ನಮ್ಮಿಂದಲೇ ಕಲಿಯಬೇಕು. ಯಾದಗಿರಿಯ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದವು, ಆಮೇಲೆ ರಾಯಚೂರು ವಿಶ್ವವಿದ್ಯಾಲಯದವು, ಈಗ ಅದಕ್ಕೆ ಆದಿಕವಿ ಮಹರ್ಷಿ ವಾಲ್ಮೀಕಿಯವರ ಹೆಸರು. ಖೋಟಾ ಮಾಡುವವನು ಅಚ್ಚು ತೆಗೆಸುವಷ್ಟರಲ್ಲಿ ಹೆಸರೇ ಬದಲು! ಇಂಥ ಭದ್ರತೆ ನಿಮ್ಮಲ್ಲಿದೆಯೇ? 1636ರಿಂದ ಒಂದೇ ಊರಲ್ಲಿ ಕೂತಿದ್ದೀರಿ.

ಇಷ್ಟೆಲ್ಲ ಲೆಕ್ಕ ಹಾಕಿ, ಸುರಪುರದಿಂದ ಸಂತೆಗೆ ಬರುವ ಅಂಗಿ ವ್ಯಾಪಾರಿಗೆ ಬುದ್ಧಿ ಹೇಳಿದೆ: "ತಮ್ಮಾ, ಜೈಲಿನ ಉಸಾಬರಿ ಯಾಕ? ಅಂಗಿ ಬಿಡು, ಯೂನಿವರ್ಸಿಟಿ ತೆಗಿ. ಸಾವಿರ ರೂಪಾಯಿ ಕಿಸೆದಾಗ ಇಟ್ಕೊಂಡಿರು, ಸಾಕು."

ಅವನು ಗುಡ್ಡೆಯಿಂದ ನಿಮ್ಮ ಗುರಾಣಿಯದೊಂದನ್ನು ಎತ್ತಿ ಝಾಡಿಸಿದ. "ಬ್ಯಾಡ್ರಿ ಯಪ್ಪಾ. ಇದರ ಬಣ್ಣ ಹೋದ್ರ ಗಿರಾಕಿ ಬರೋ ವಾರ ಬಂದು ಬೈತಾನ, ಬ್ಯಾರೆ ಕೊಟ್ಟು ಕಳಸ್ತೀನಿ. ಅಲ್ಲಿ ಬಣ್ಣ ಹೋಗಿದ್ದು ಅವಂಗ ಗೊತ್ತಾಗೂದು ನೌಕರಿಗೆ ಅರ್ಜಿ ಹಾಕಿದಾಗ. ಆಗ ಬ್ಯಾರೆ ಮೂರು ವರ್ಷ ಎಲ್ಲಿಂದ ತಂದುಕೊಡ್ಲಿರಿ?"

ಇವನಿಗೆ ನೋಟಿಸು ಕಳಿಸುವುದಾದರೆ ಕನ್ನಡದಲ್ಲಿ ಕಳಿಸಿರಿ.